ಬೆರಳಗಲದ ತಾಮ್ರ

ಶಾಲೆಯ ಹಿಂಗೋಡೆಗೆ ಒತ್ತಿ ಇಟ್ಟಿದ್ದ ನೀಲಿ ಡ್ರಮ್ಮನ್ನು ಆ ಶುಕ್ರವಾರ ಬೆಳಿಗ್ಗೆ ಪಕ್ಕಕ್ಕೆ ಸರಿಸಿದಾಗ, ತಾರಸಿಯಿಂದ ಇಳಿಯುವ ತಾಮ್ರದ ಪಟ್ಟಿಯ ಕುಯ್ದ ತುದಿ ಕಾಮಾಕ್ಷಮ್ಮನ ಎದೆಮಟ್ಟಕ್ಕೆ ಏರಿಹೋಗಿತ್ತು. ಬೇಸಿಗೆ ರಜೆಗೆ ಬೀಗ ಹಾಕುವಾಗ ಅದು ಮೊಣಕಾಲ ಮಟ್ಟದಲ್ಲಿತ್ತು. ಎರಡು ತಿಂಗಳು ಶಾಲೆಯಲ್ಲಿ ಯಾರೂ ಇರಲಿಲ್ಲ, ಆದರೆ ಊರು ಸುಮ್ಮನೆ ಕೂತಿರಲಿಲ್ಲ. ಕೊನೆಯದಾಗಿ ಕುಯ್ದ ಜಾಗ ಹೊಸ ಪಾತ್ರೆಯ ಅಂಚಿನಂತೆ ಹೊಳೆಯುತ್ತಿತ್ತು. ಕೆಳಗೆ, ನಲ್ಲಿಗಳ ಪಕ್ಕದ ಕಲ್ಲುಚಪ್ಪಡಿಯ ಸಂದಿಯಲ್ಲಿ, ಪಟ್ಟಿಯ ಇನ್ನೊಂದು ತುದಿ ಮೂರು ಬೆರಳಿನಷ್ಟು ಮೇಲೆದ್ದು ನಿಂತಿತ್ತು. ನಡುವೆ ಬರೀ ಸುಣ್ಣ ಬಳಿದ ಗೋಡೆ, ಅದರಲ್ಲಿ ಪಟ್ಟಿ ಹಿಡಿದಿದ್ದ ಮೊಳೆಗಳ ತೂತು.

ಇನ್ನು ಡ್ರಮ್ಮನ್ನು ಅಡ್ಡ ಇಟ್ಟು ಪ್ರಯೋಜನವಿರಲಿಲ್ಲ. ಕುಯ್ದ ಜಾಗ ಅದರ ಎತ್ತರವನ್ನೂ ಮೀರಿತ್ತು.

ಕಾಮಾಕ್ಷಮ್ಮ ಮಲ್ಲಿಕೊಪ್ಪಲಿನ ಶಾಲೆಯಲ್ಲಿ ಬಿಸಿಯೂಟ ಮಾಡಲು ಸೇರಿ ಹದಿನಾಲ್ಕು ವರ್ಷವಾಗಿತ್ತು. ಶಾಲೆ ಇರುವುದು ಊರಾಚೆಯ ದಿಣ್ಣೆಯ ಮೇಲೆ. ಅರಕಲಗೂಡಿನ ಕಡೆಯಿಂದ ಬರುವ ಬಸ್ಸಿಗೆ ಊರಿಗಿಂತ ಮೊದಲು ಶಾಲೆಯೇ ಕಾಣುತ್ತದೆ. ಸುತ್ತ ಮರವಿಲ್ಲ. ಕೆಳಗೆಲ್ಲ ನಂಜಪ್ಪನವರ ಹೊಗೆಸೊಪ್ಪಿನ ಹೊಲ. ಐದು ವರ್ಷದ ಹಿಂದೆ ಯಾವುದೋ ಕಂಪನಿಯವರು ಬಂದು ಶಾಲೆಗೆ ಬಣ್ಣ ಹೊಡೆಸಿ, ಹೆಣ್ಣುಮಕ್ಕಳಿಗೆ ಶೌಚಾಲಯ ಕಟ್ಟಿಸಿ, ಕೊನೆಗೆ ತಾರಸಿಯ ಮೇಲೆ ಐದು ಮೊನೆಯ ಒಂದು ತಾಮ್ರದ ಸಲಾಕೆಯನ್ನು ನಿಲ್ಲಿಸಿ ಹೋಗಿದ್ದರು. ಅದರಿಂದ ಹೊರಟ ಪಟ್ಟಿ ತಾರಸಿಯ ಅಂಚು ದಾಟಿ, ಹಿಂಗೋಡೆಯ ಮೇಲೆ ನೆಟ್ಟಗೆ ಇಳಿದು, ನಲ್ಲಿಗಳ ಪಕ್ಕದ ಗುಂಡಿಗೆ ಸೇರುತ್ತಿತ್ತು. ಗುಂಡಿಗೆ ಉಪ್ಪು, ಇದ್ದಿಲು ತುಂಬಿದ್ದನ್ನು ಕಾಮಾಕ್ಷಮ್ಮನೇ ನಿಂತು ನೋಡಿದ್ದಳು. ಅಂದು ಕೆಲಸ ಮಾಡಿದವನು ಅರಕಲಗೂಡಿನ ವೈರ್‌ಮನ್ ಶಿವಕುಮಾರ್. ಅವಳು ಕೊಟ್ಟ ಮಜ್ಜಿಗೆ ಕುಡಿಯುತ್ತ, “ಸಿಡ್ಲು ಎಲ್ಲಾನಾ ಬೀಳ್ಲೇಬೇಕಲ್ವಾ ಕಾಮಾಕ್ಷಕ್ಕ. ಬಿದ್ರೆ ಈ ಸಲಾಕೆ ಮ್ಯಾಲೆ ಬೀಳ್ಲಿ ಅಂತ ನಾವೇ ಜಾಗ ತೋರ್ಸೋದು. ಬಿದ್ದಿದ್ದು ಈ ಪಟ್ಟಿ ಇಡ್ಕಂಡು ನೆಲಕ್ಕೋಗ್ಬುಡ್ತದೆ. ಗೋಡೆ ಗೋಜಿಗೆ ಬರಾಕಿಲ್ಲ” ಎಂದಿದ್ದ.

ಹೋದ ವರ್ಷ ರೋಹಿಣಿ ಮಳೆಯಲ್ಲಿ ಸಿಡಿಲು ಬಿದ್ದೇಬಿಟ್ಟಿತು. ಮಕ್ಕಳು ಮುಂದಿನ ಜಗುಲಿಯಲ್ಲಿ ತಟ್ಟೆ ಇಟ್ಟುಕೊಂಡು ಸಾಲಾಗಿ ಕೂತಿದ್ದರು. ಕಣ್ಣಿಗೆ ಬೆಳ್ಳಗಾಗಿದ್ದೊಂದು ಗೊತ್ತು. ಆಮೇಲೆ ಸುಮಾರು ಹೊತ್ತು ಯಾರ ಕಿವಿಗೂ ಏನೂ ಕೇಳಿಸಲಿಲ್ಲ. ಮೇಷ್ಟ್ರು ಲಕ್ಷ್ಮೀನರಸಿಂಹ ಒಬ್ಬೊಬ್ಬರ ಬೆನ್ನು ಮುಟ್ಟಿ ಎಣಿಸಿದರು. ಮೂವತ್ತೊಂದು ಮಕ್ಕಳು, ಒಬ್ಬರಿಗೂ ಏನೂ ಆಗಿರಲಿಲ್ಲ. ಗೋಡೆಯಲ್ಲಿ ಒಂದು ಗೆರೆ ಬಿರುಕಿರಲಿಲ್ಲ. ಮಾರನೆಯ ದಿನ ಊರಿನ ಹೆಂಗಸರು ಬಂದು ಪಟ್ಟಿಗೆ ಅರಿಸಿನ ಕುಂಕುಮ ಹಚ್ಚಿ, ಊದುಬತ್ತಿ ಸಿಕ್ಕಿಸಿ ಹೋದರು. ಸಿಡಿಲು ಕುಡಿದ ತಾಮ್ರ ಎಂಬ ಹೆಸರು ಬಿದ್ದದ್ದು ಅಂದೇ.

ಎಲ್ಲ ಮಕ್ಕಳಿಗಿಂತ ಹೆಚ್ಚು ಬೆಚ್ಚಿದ್ದವಳು ಕಾಮಾಕ್ಷಮ್ಮನ ಮೊಮ್ಮಗಳು ಅನುಶ್ರೀ. ಎರಡನೆಯ ಕ್ಲಾಸು. ಮನೆಗೆ ಬಂದವಳಿಗೆ ಜ್ವರ ಏರಿತು. ಕಣ್ಣು ಮುಚ್ಚಿದರೆ ಕಿಟಾರನೆ ಕಿರುಚಿ ಎದ್ದು ಕೂರುತ್ತಿದ್ದಳು. ಸೊಸೆ ರಂಜಿನಿ ಅವಳನ್ನು ಅರಕಲಗೂಡಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಐದು ದಿನದ ಮಾತ್ರೆ ತಂದಳು. ಎರಡು ದಿನವಾದರೂ ಬೆಚ್ಚುವುದು ನಿಲ್ಲಲಿಲ್ಲ. ಮೂರನೆಯ ದಿನ ಕಾಮಾಕ್ಷಮ್ಮ ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಮಗನ ಹ್ಯಾಕ್ಸಾ ಬ್ಲೇಡಿಗೆ ಬಟ್ಟೆ ಸುತ್ತಿ ಹಿಡಿದು, ಪಟ್ಟಿಯ ಬುಡದಲ್ಲಿ ಬೆರಳಗಲದ ಒಂದು ತುಂಡು ಕುಯ್ದುಕೊಂಡಳು. ಎಲ್ಲರನ್ನೂ ಕಾದದ್ದು ಇವಳೊಬ್ಬಳನ್ನು ಕಾಯದೆ ಇರುತ್ತದೆಯೇ ಎಂದುಕೊಂಡಳು. ಅಷ್ಟು ದೊಡ್ಡ ಪಟ್ಟಿಯಲ್ಲಿ ಒಂದು ಬೆರಳು ಹೋದರೆ ಏನು ಕಮ್ಮಿಯಾದೀತು ಎಂದೂ ಅಂದುಕೊಂಡಳು. ತೂತು ಹೊಡೆಸಿ ಹುಡುಗಿಯ ಕೊರಳಿಗೆ ಕಪ್ಪುದಾರದಲ್ಲಿ ಕಟ್ಟಿದಳು. ಮಾತ್ರೆ ಮುಗಿಯುವ ಹೊತ್ತಿಗೆ ಅನುಶ್ರೀ ನಿದ್ದೆ ಮಾಡಿದಳು.

ಹೇಗೆ ವಾಸಿಯಾಯಿತು ಎಂದು ಮೊದಲು ಕೇಳಿದವಳು ನಂಜಪ್ಪನವರ ಸೊಸೆ ಸ್ನೇಹಲತಾ. ಕಾಮಾಕ್ಷಮ್ಮ ತಾಮ್ರದ ಸಂಗತಿ ಹೇಳಿದಳು. ಮಾತ್ರೆಯ ಸಂಗತಿ ಬಾಯಿಗೆ ಬರಲಿಲ್ಲ. ಅದರಲ್ಲಿ ಹೇಳುವಂಥದ್ದಾದರೂ ಏನಿತ್ತು.

ಅಲ್ಲಿಂದ ಅದು ಮನೆಯಿಂದ ಮನೆಗೆ ನಡೆಯಿತು. ರಾತ್ರಿ ಅಳುವ ಕೂಸು, ಹಾಸಿಗೆಯಲ್ಲಿ ಒದ್ದೆ ಮಾಡುವ ಹುಡುಗ, ಪರೀಕ್ಷೆ ಅಂದರೆ ಬೆವರುವ ಹುಡುಗಿ, ಎಲ್ಲರಿಗೂ ಒಂದೊಂದು ಬೆರಳು. ಮೊದಮೊದಲು ಕಾಮಾಕ್ಷಮ್ಮನನ್ನು ಕೇಳಿಕೊಂಡು ಬರುತ್ತಿದ್ದರು. ಯಾವ ವಾರ ಕುಯ್ಯಬೇಕು, ದಾರ ಯಾವ ಬಣ್ಣದ್ದಿರಬೇಕು, ಗಂಡುಮಕ್ಕಳಿಗೆ ಉಡಿದಾರಕ್ಕೆ ಕಟ್ಟಬಹುದೇ. ಅವಳು ಯೋಚಿಸಿ ಹೇಳುತ್ತಿದ್ದಳು. ಹದಿನಾಲ್ಕು ವರ್ಷ ಬಿಸಿಯೂಟದವಳು ಎಂದೇ ಕರೆಸಿಕೊಂಡವಳನ್ನು ಜನ ಹೊಸಿಲಿನಲ್ಲಿ ನಿಂತು ‘ದೊಡ್ಡವ್ವ, ಇದ್ದೀರಾ’ ಎಂದು ಕೇಳತೊಡಗಿದ್ದರು. ಆಮೇಲೆ ಕೇಳುವುದನ್ನು ಬಿಟ್ಟರು. ಅವರವರೇ ಬ್ಲೇಡು ತಂದರು. ಅವಳು ಡ್ರಮ್ಮನ್ನು ಅಡ್ಡ ಇಟ್ಟಳು.

ಆ ಶುಕ್ರವಾರ ಶಿವಕುಮಾರ್ ಬಂದಿದ್ದು ಬೋರ್‌ವೆಲ್ಲಿನ ಮೋಟರು ನೋಡಲು. ಹೊತ್ತು ಹನ್ನೊಂದಾಗಿತ್ತು, ಸೆಕೆ ಉಸಿರು ಕಟ್ಟಿಸುವಂತಿತ್ತು. ಕಾಮಾಕ್ಷಮ್ಮ ಅವನ ಕೈಗೆ ಟೀ ಲೋಟ ಕೊಟ್ಟು, ಸೊಪ್ಪು ಬಿಡಿಸುವ ನೆಪದಲ್ಲಿ ಅಲ್ಲೇ ಕೂತಳು.

“ಶಿವಣ್ಣ, ನಿನ್ ಒಂದ್ ಮಾತು ಕೇಳ್ಬೇಕಿತ್ತು. ಆ ಪಟ್ಟಿ ಐತಲ್ಲ, ಅದು ಎಲ್ಲಾನಾ ಒಸಿ ತುಂಡಾಗೋದ್ರೆ ಏನಾಯ್ತದೆ?”

“ಎಷ್ಟು ತುಂಡಾದ್ರೆ?”

“ಅಂಗೇ ಕೇಳ್ದೆ ಕಣಪ್ಪ.”

ಶಿವಕುಮಾರ್ ಟೀ ಊದುತ್ತ ತಾರಸಿಯ ನೀರು ಇಳಿಯುವ ಪೈಪನ್ನು ತೋರಿಸಿದ. “ಮಳೆ ನೀರು ಅದ್ರಾಗೆ ಕೆಳಿಕ್ಕೆ ಬತ್ತದಲ್ವಾ. ಮಧ್ಯಕ್ಕೆ ಪೈಪು ಮುರ್ದೋದ್ರೆ ನೀರೇನು ಮ್ಯಾಲೇ ನಿಂತ್ಕತದಾ? ಮುರ್ದಿರೋ ಕಡೆಯಿಂದ ಗೋಡೆ ಮ್ಯಾಲೆ ಸುರೀತದೆ. ಇದೂ ಅಂಗೇ. ಸಲಾಕೆ ಸಿಡ್ಲನ್ನ ಕರ್ಕಂಡು ಬರೋದು ಬಿಡಾಕಿಲ್ಲ. ದಾರಿ ಮುಗುದೋದ್ರೆ ಅದು ಪಕ್ಕಕ್ಕೆ ನೆಗೀತದೆ. ನಲ್ಲಿ ಪೈಪೋ, ಕಿಟಕಿ ಸರಳೋ, ಅಲ್ಲಿ ಕೂತಿರೋ ಮನುಷ್ಯನೋ, ಯಾವುದ್ ಹತ್ರ ಇರ್ತದೋ ಅದು. ಅದಕ್ಕೆ ಮರ್ಯಾದೆ ಗಿರ್ಯಾದೆ ಇಲ್ಲ.”

“ಅಂಗಾರೆ ಸಲಾಕೆ ಇಲ್ದೆ ಇದ್ರೇನೇ ವಾಸಿನಾ?”

“ಅರ್ಧ ಇರೋದ್ಕಿಂತ ಇಲ್ದೆ ಇರೋದೇ ವಾಸಿ ಕಣಕ್ಕ.” ಅಷ್ಟು ಹೇಳಿ ಅವನು ಲೋಟ ಕೆಳಗಿಟ್ಟ. ಅವಳ ಮುಖ ನೋಡಿದ. ಎದ್ದು ಅಡಿಗೆಮನೆಯನ್ನು ಸುತ್ತಿಕೊಂಡು ಹಿಂದಕ್ಕೆ ಹೋದ.

ಅವನು ಅಲ್ಲಿ ನಿಂತಿದ್ದ ಹೊತ್ತಿನಲ್ಲಿ ಕಾಮಾಕ್ಷಮ್ಮ ಅರ್ಧ ಕಂತೆ ಸೊಪ್ಪು ಬಿಡಿಸಿದಳು. ಕಡ್ಡಿ ಯಾವುದು ಎಲೆ ಯಾವುದು ಎಂದು ಕೈಗೆ ತಿಳಿಯಲಿಲ್ಲ.

“ಯಾರಕ್ಕ ಇದನ್ನ ಕುಯ್ದಿರೋದು?” ಎಂದು ಕೇಳಿದಾಗ ಅವನ ದನಿ ಜೋರಿರಲಿಲ್ಲ. “ಮೂರೂವರೆ ಅಡಿ ಇಲ್ಲ. ಇದು ಒಂದೇ ಸಲ ಕುಯ್ದಿದ್ದಲ್ಲ.”

“ಕಳ್ರಿರ್ಬೇಕು ಕಣಪ್ಪ” ಎಂದಳು ಕಾಮಾಕ್ಷಮ್ಮ.

ಮೇಷ್ಟ್ರೂ ಅದನ್ನೇ ಅಂದರು. ಲಕ್ಷ್ಮೀನರಸಿಂಹ ರುದ್ರಪಟ್ಟಣದವರು. ಎರಡು ಬಸ್ಸು ಬದಲಿಸಿ ದಿನಾ ಬರುವವರು, ಮಾತಿಗೆ ಮುಂಚೆ ಕನ್ನಡಕ ಒರೆಸುವವರು. ಹಿಂಗೋಡೆಯ ಮುಂದೆ ಕನ್ನಡಕ ಎರಡು ಸಲ ಒರೆಸಿದರು. “ತಾಮ್ರ ಅಂದ್ರೆ ಬಿಡ್ತಾರಾ ಇವರು. ಪೊಲೀಸಿಗೆ ಒಂದು ಕಂಪ್ಲೇಂಟು ಕೊಡಲೇಬೇಕು. ಬಿಇಓ ಆಫೀಸಿಗೂ ಬರೀಬೇಕು. ಶಿವಕುಮಾರ್, ನೀನು ಯಾವಾಗ ಸರಿಮಾಡ್ತೀಯ?”

“ಪಟ್ಟಿ ಹಾಸನದಿಂದ ತರ್ಬೇಕು ಸಾ. ಇವತ್ತೇ ಓಗಿ ತತ್ತೀನಿ, ನಾಳೆ ಬೆಳಿಗ್ಗೆ ಬಂದು ಕೂಡುಸ್ತೀನಿ. ಇವತ್ತೊಂದಿನ ನೋಡ್ಕಳಿ. ಮೋಡ ಆದ್ರೆ ಮಕ್ಳುನ್ನ ಈ ಗೋಡೆ ತಾವ್ಕಾಗ್ಲಿ ನಲ್ಲಿ ತಾವ್ಕಾಗ್ಲಿ ಬಿಡ್ಬೇಡಿ. ಬಯ್ಲಿಗೂ ಬಿಡ್ಬೇಡಿ. ಮುಂದ್ಗಡೆ ರೂಮಲ್ಲಿ, ಗೋಡೆ ಬಿಟ್ಟು ಮಧ್ಯಕ್ಕೆ ಕೂರುಸ್ಕಳಿ.” ಅವನು ಪಡುವಣ ದಿಕ್ಕು ನೋಡಿ ಬೈಕು ಹತ್ತಿದ. ಸೋಮವಾರಪೇಟೆಯ ಕಡೆ ಆಕಾಶದ ಅಂಚು ಇನ್ನೂ ಬೆಳ್ಳಗೇ ಇತ್ತು, ಆದರೆ ಆ ಬಿಳಿಪು ಒಳ್ಳೆಯದಲ್ಲ ಎಂದು ಆ ಸೀಮೆಯ ಯಾರಿಗಾದರೂ ಗೊತ್ತು.

ಊಟದ ಹೊತ್ತಿಗೆ ಗಾಳಿ ನಿಂತಿತು. ಮಕ್ಕಳು ತಟ್ಟೆ ತೊಳೆಯಲು ನಲ್ಲಿಯ ಕಡೆ ಓಡುವಾಗ ಕಾಮಾಕ್ಷಮ್ಮ ಅಡ್ಡ ನಿಂತು, ಬಕೆಟ್ಟಿನಲ್ಲಿ ನೀರು ತಂದು ಮುಂದಿನ ಅಂಗಳದಲ್ಲೇ ತೊಳೆಸಿದಳು. “ನಲ್ಲಿ ಕೆಟ್ಟದಾ ಅಜ್ಜಿ?” ಎಂದು ಅನುಶ್ರೀ ಕೇಳಿದಳು. ಅವಳ ಕೊರಳಲ್ಲಿ ಆ ತುಂಡು ಬೆವರಿಗೆ ಹಸಿರು ತಿರುಗಿತ್ತು. “ಹೂಂ, ಕೆಟ್ಟದೆ” ಎಂದಳು. ಮೂವತ್ತೊಂದು ಮಕ್ಕಳು ಬಗ್ಗಿ ತಟ್ಟೆ ತೊಳೆಯುವಾಗ ಅವಳಿಗೆ ಎಲ್ಲ ಕೊರಳುಗಳೂ ಕಂಡವು. ಕಪ್ಪುದಾರ, ಕೆಂಪುದಾರ, ಒಂದಕ್ಕೆ ಬೆಳ್ಳಿಯ ಸರ. ಹದಿನೇಳರವರೆಗೆ ಲೆಕ್ಕ ಹಿಡಿದು ಆಮೇಲೆ ಬಿಟ್ಟಳು. ಗೋಡೆಯಲ್ಲಿ ಇಲ್ಲದ ಮೂರೂವರೆ ಅಡಿ ಇಲ್ಲಿ ಬಗ್ಗಿ ನಿಂತು ತಟ್ಟೆ ತೊಳೆಯುತ್ತಿತ್ತು.

ಎರಡೂವರೆಗೆ ಮೊದಲ ಗುಡುಗು ಕೇಳಿಸಿತು. ದೂರ ಯಾರೋ ಮರದ ಹಲಗೆಗಳನ್ನು ಲಾರಿಯಿಂದ ಇಳಿಸಿದ ಹಾಗೆ. ಮೇಷ್ಟ್ರು ಮಕ್ಕಳನ್ನೆಲ್ಲ ಮುಂದಿನ ಕೋಣೆಗೆ ಸೇರಿಸಿ ನಡುವೆ ಜಮಖಾನ ಹಾಸಿ ಕೂರಿಸಿದರು. ಕಾಮಾಕ್ಷಮ್ಮನ ಎದೆ ಸ್ವಲ್ಪ ಹಗುರವಾಯಿತು. ಮಕ್ಕಳು ಕ್ಷೇಮ. ನಾಳೆ ಶಿವಕುಮಾರ್ ಬರುತ್ತಾನೆ. ಕಳ್ಳರ ಹೆಸರಿನಲ್ಲಿ ಕಾಗದ ಹೋಗುತ್ತದೆ, ಸಿಗದ ಕಳ್ಳರನ್ನು ಯಾರೂ ಹುಡುಕುವುದಿಲ್ಲ. ಹಾಗೆಂದುಕೊಂಡೇ ಅವಳು ಅಡಿಗೆಮನೆಯ ಬಾಗಿಲು ಹಾಕಲು ಹಿಂದಕ್ಕೆ ಹೋದಳು.

ಹೊಲದಲ್ಲಿ ಹೊಗೆಸೊಪ್ಪಿನ ಸಸಿ ನೆಡುತ್ತಿದ್ದ ಹೆಂಗಸರು ಸೆರಗು ತಲೆಗೆ ಹೊದ್ದು ದಿಣ್ಣೆ ಹತ್ತಿ ಓಡಿ ಬರುತ್ತಿದ್ದರು.

ಇದು ಅವಳಿಗೆ ಹೊಳೆದೇ ಇರಲಿಲ್ಲ. ಹೋದ ವರ್ಷದಿಂದ ಊರಿನಲ್ಲಿ ಗುಡುಗಿದರೆ ಜನ ಶಾಲೆಗೆ ಬರುವುದು ರೂಢಿಯಾಗಿತ್ತು. ಸುತ್ತ ನಾಲ್ಕು ಊರಿನಲ್ಲಿ ಸಿಡಿಲು ಏನೂ ಮಾಡಲಾರದ ಜಾಗ ಇದೊಂದೇ ಎಂದು ಎಲ್ಲರೂ ನಂಬಿದ್ದರು. ಹಿಂದಿನ ಜಗುಲಿ ಹೊಲಕ್ಕೆ ಹತ್ತಿರ. ಅದರಲ್ಲೂ ಪಟ್ಟಿಯ ಪಕ್ಕ ಜಾಗ ಹಿಡಿಯಲು ನೂಕಾಡುತ್ತಿದ್ದರು.

ಹನ್ನೊಂದು ಜನ ಬಂದು ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಕೂತರು. ಕಾಲಿಗೆಲ್ಲ ಕೆಸರು. ಆಳುಗಳಿಗೆ ಕಾಫಿ ತಂದಿದ್ದ ಸ್ನೇಹಲತಾ ಕಂಕುಳಲ್ಲಿ ಏಳು ತಿಂಗಳ ವಂಶಿಯನ್ನು ಇಟ್ಟುಕೊಂಡು ಎಲ್ಲರಿಗಿಂತ ಕೊನೆಗೆ ಬಂದಳು. ಯಜಮಾನರ ಸೊಸೆ ಎಂದು ಅವಳಿಗೆ ಪಟ್ಟಿಯ ಕೆಳಗಿನ ಜಾಗವನ್ನೇ ಬಿಟ್ಟುಕೊಟ್ಟರು. ಅವಳು ಡ್ರಮ್ಮನ್ನು ಕಾಲಲ್ಲಿ ಸರಿಸಿ, ಒಂದು ಮೊಣಕೈ ನಲ್ಲಿಯ ಮೇಲಿಟ್ಟು ಕೂತಳು. ಕೂಸಿನ ಅಂಗೈ ಹಿಡಿದು ಮೇಲೆತ್ತಿ ಹೊಳೆಯುವ ತುದಿಗೆ ಮುಟ್ಟಿಸಿದಳು. “ಮುಟ್ಟು ಮಗ, ಮುಟ್ಟು. ಏನೂ ಆಗಾಕಿಲ್ಲ.”

“ಇಲ್ಲಿ ಕೂರ್ಬೇಡ್ರವ್ವ. ಎಲ್ಲಾ ಎದ್ದು ಮುಂದ್ಗಡೆ ರೂಮಿಗೆ ನಡೀರಿ” ಎಂದಳು ಕಾಮಾಕ್ಷಮ್ಮ.

“ಈ ಕೆಸ್ರುಗಾಲಲ್ಲಿ ಒಳಿಕ್ಕೆ ಓದ್ರೆ ಮೇಷ್ಟ್ರು ನಮ್ಮ ಕೈಲೇ ಸಾರುಸ್ತಾರೆ” ಎಂದಳು ಭವ್ಯಶ್ರೀ. ಕೂಲಿಗೆ ಬರುವವರಲ್ಲಿ ಎಲ್ಲರಿಗಿಂತ ಕಿರಿಯವಳು, ಬಾಯಿ ಮಾತ್ರ ದೊಡ್ಡದು. “ದೊಡ್ಡವ್ವಂಗೆ ಮಿಕ್ಕಿರೋ ಸಾರು ನಾವೆಲ್ಲಿ ಕೇಳ್ಬುಡ್ತೀವೋ ಅಂತ ಭಯ.”

ಎಲ್ಲರೂ ನಕ್ಕರು. ಹೊಲದ ಆಚೆ ಬೆಳಕು ಒಂದು ಗೆರೆ ಎಳೆದು ಅಳಿಸಿತು. ಕಾಮಾಕ್ಷಮ್ಮ ಮನಸ್ಸಿನಲ್ಲೇ ಒಂದು, ಎರಡು ಎಂದು ಎಣಿಸಿದಳು. ಒಂಬತ್ತಕ್ಕೆ ಗುಡುಗು ಬಂತು.

“ತಮಾಸೆ ಅಲ್ಲ ಕಣ್ರೇ. ಪಟ್ಟಿ ತುಂಡಾಗದೆ. ಸಿಡ್ಲು ಬಂದ್ರೆ ನೆಲಕ್ಕೋಗಾಕೆ ದಾರಿ ಇಲ್ಲ. ಇಲ್ಲಿ ಕೂತಿರೋರ್ ಮ್ಯಾಲೇ ನೆಗೀತದಂತೆ. ಶಿವಣ್ಣ ಹೇಳವ್ನೆ.”

“ಅವ್ನೇನು ಹೇಳ್ತಾನೆ ಬುಡಿ, ಹೊಸಾದು ಹಾಕುದ್ರೆ ಅವ್ನಿಗೆ ಕೆಲ್ಸ” ಎಂದಳು ಸ್ನೇಹಲತಾ. “ಬೆರಳಗಲ ತಾಮ್ರ ಇಡೀ ಮಗೀನ ಕಾಯ್ತದೆ ಅಂದೋರು ನೀವು. ಇಲ್ಲಿ ಇನ್ನೂ ಇಷ್ಟುದ್ದ ಐತೆ. ನಮ್ಮನ್ನ ಕಾಯಾಕಿಲ್ವಾ?” ಕೂಸಿನ ಉಡಿದಾರದಲ್ಲಿ ಎರಡು ತುಂಡು ಇದ್ದವು. ಅವಳು ಅವನ್ನು ಎತ್ತಿ ತೋರಿಸಿದಳು. ಕಾಮಾಕ್ಷಮ್ಮನೇ ಒಂದು ಬುಧವಾರ ನಿಂತು ಕಟ್ಟಿಸಿದ್ದು.

ಮಳೆ ಇನ್ನೂ ಬಂದಿರಲಿಲ್ಲ. ಮಣ್ಣಿನ ವಾಸನೆ ಮಾತ್ರ ಬಂದಿತ್ತು. ಹೊಲದ ನಡುವೆ ಬಿಟ್ಟು ಬಂದಿದ್ದ ಸಸಿಯ ತಟ್ಟೆಗಳು ಗಾಳಿಗೆ ಒಂದೊಂದಾಗಿ ಮಗುಚಿಕೊಂಡವು. ಮತ್ತೆ ಬೆಳಕು. ಈ ಸಲ ಅವಳು ಐದಕ್ಕೆ ಬರುವಷ್ಟರಲ್ಲಿ ನೆಲ ಅದುರಿತು. ಮುಂದಿನ ಕೋಣೆಯಿಂದ ಮಕ್ಕಳು ಓ ಎಂದದ್ದು, ಮೇಷ್ಟ್ರು ಮಗ್ಗಿ ಹೇಳಿಸಲು ಶುರುಮಾಡಿದ್ದು ಕೇಳಿಸಿತು.

ಹೇಳಬೇಕಾದ ಮಾತು ಒಂದೇ ಇತ್ತು. ಅದನ್ನು ಹೇಳಿದರೆ ನಾಳೆಯಿಂದ ಯಾರೂ ಅವಳ ಹೊಸಿಲಿಗೆ ಬಂದು ನಿಲ್ಲುವುದಿಲ್ಲ. ಅಷ್ಟೇ ಆದರೆ ಪರವಾಗಿಲ್ಲ.

“ಆ ತಾಮ್ರ ಏನೂ ಮಾಡಾಕಿಲ್ಲ” ಎಂದಳು. “ಅನುಂಗೆ ವಾಸಿಯಾಗಿದ್ದು ಮಾತ್ರೆಲಿ. ಆಸ್ಪತ್ರೆಲಿ ಐದ್ ದಿನುದ್ದು ಕೊಟ್ಟಿದ್ರು. ಮೂರ್ನೇ ದಿನ ನಾನು ತಾಮ್ರ ಕಟ್ದೆ. ನಿಮ್ಗೆ ಮಾತ್ರೆ ವಿಚಾರ ಹೇಳ್ನಿಲ್ಲ. ಮೊದ್ಲು ಕುಯ್ದೋಳು ನಾನೇ. ಬೆಳಿಗ್ಗೆ ಕಳ್ರು ಅಂದೆ. ಕಳ್ರು ಯಾರೂ ಬಂದಿಲ್ಲ.”

ನಗು ನಿಂತಿತು. ಒಬ್ಬರ ಮುಖ ಒಬ್ಬರು ನೋಡಿದರು. ಭವ್ಯಶ್ರೀ ಮೊದಲು ಎದ್ದಳು. ಕಾಲಿನ ಕೆಸರು ಜಗುಲಿಯ ಅಂಚಿಗೆ ಒರೆಸಿ, ಕಟ್ಟಡದ ಪಕ್ಕದ ಓಣಿಯಲ್ಲಿ ಮುಂದಿನ ಕೋಣೆಯ ಕಡೆ ನಡೆದಳು. ಅವಳ ಹಿಂದೆ ಇನ್ನಿಬ್ಬರು. ಆಮೇಲೆ ಉಳಿದವರು, ಸೀರೆ ಕೊಡವಿಕೊಂಡು, ಗೊಣಗಿಕೊಂಡು.

ಸ್ನೇಹಲತಾ ಏಳಲಿಲ್ಲ. “ನಿಮ್ ಮೊಮ್ಮಗಳ ಕೊಳ್ಳಲ್ಲಿ ಇನ್ನೂ ಕಟ್ಟೀರಲ್ಲ. ಅದನ್ಯಾಕೆ ಬಿಚ್ಚಿಲ್ಲ?”

ಕಾಮಾಕ್ಷಮ್ಮ ಕೂಸಿಗೆ ಕೈ ಚಾಚಿದಳು.

“ನಿಮ್ಗೆ ಬೇಕು, ನಮ್ಗೆ ಬ್ಯಾಡ. ಊರೋರೆಲ್ಲ ಕುಯ್ಕಂಡು ಖಾಲಿ ಮಾಡ್ತಾರೆ ಅಂತ ಹಿಂಗಂತಿದೀರ.” ಅವಳು ಕೂಸನ್ನು ಇನ್ನಷ್ಟು ಒತ್ತಿಕೊಂಡು ಗೋಡೆಗೆ ಒರಗಿದಳು. ತಾಮ್ರದ ತುದಿ ಅವಳ ಮುಡಿಗೆ ತಾಗುವಂತಿತ್ತು. ಅವಳ ಮುಂಗುರುಳು ಗಾಳಿ ಸೋಕದೆಯೇ ನಿಧಾನವಾಗಿ ಎದ್ದು ನಿಂತದ್ದನ್ನು ಕಾಮಾಕ್ಷಮ್ಮ ನೋಡಿದಳು.

ಮುಂದೆ ಮಾತಿಗೆ ಹೊತ್ತಿರಲಿಲ್ಲ. ಅವಳು ಬಗ್ಗಿ, ಕೂಸನ್ನು ಎರಡು ಕೈಯಲ್ಲೂ ಬಾಚಿ ಕಿತ್ತುಕೊಂಡು ಓಣಿಯಲ್ಲಿ ಓಡಿದಳು. ಐವತ್ತೆಂಟು ವರ್ಷದ ಮಂಡಿ, ಆದರೂ ಓಡಿದಳು. ಹಿಂದೆ ಸ್ನೇಹಲತಾ, “ಮುದ್ಕಿ, ಮಗೀನ್ ಬುಡು, ನಿನ್ ಕೈ ಸೇದೋಗ” ಎಂದು ಅರಚಿಕೊಂಡು ಎದ್ದು ಬರುತ್ತಿದ್ದಳು. ಅವಳ ಬೈಗುಳ ಹತ್ತಿರವಾಗುತ್ತಿದ್ದುದೇ ಕಾಮಾಕ್ಷಮ್ಮನಿಗೆ ಬೇಕಾಗಿತ್ತು. ಕೋಣೆಯ ಬಾಗಿಲು ದಾಟಿದಳು. ಸ್ನೇಹಲತಾ ಬಾಗಿಲು ದಾಟಿ ಅವಳ ರಟ್ಟೆ ಹಿಡಿದಳು.

ಆಗ ಎಲ್ಲ ಬೆಳ್ಳಗಾಯಿತು.

ಸದ್ದು ಮೇಲಿನಿಂದ ಬಂದ ಹಾಗಿರಲಿಲ್ಲ, ಗೋಡೆಯ ಒಳಗಿನಿಂದ ಬಂದ ಹಾಗಿತ್ತು. ಹೋದ ವರ್ಷದ ಸದ್ದು ನುಂಗಿದ ಸದ್ದು. ಇದು ಉಗಿದ ಸದ್ದು. ಹಿಂದಿನಿಂದ ಇಟ್ಟಿಗೆ ಬಿದ್ದದ್ದು, ನೀರು ಭರ್ರೆಂದು ಚಿಮ್ಮಿದ್ದು ಕೇಳಿಸಿತು. ಮಕ್ಕಳು ಜಮಖಾನದ ಮೇಲೆ ಒಬ್ಬರ ಮೇಲೊಬ್ಬರು ಬಿದ್ದುಕೊಂಡಿದ್ದರು. ಯಾರೂ ಅಳುತ್ತಿರಲಿಲ್ಲ. ವಂಶಿ ಒಬ್ಬ ಬಾಯಿ ತೆರೆದು ಉಸಿರು ಕಟ್ಟಿ ಕೆಂಪಾಗಿ, ಕೊನೆಗೆ ಅತ್ತ.

ಮಳೆ ಸುರಿದು ಗುಡುಗು ಹೊಳೆನರಸೀಪುರದ ಕಡೆ ಸರಿದ ಮೇಲೆ ಮೇಷ್ಟ್ರು ಹಿಂದಕ್ಕೆ ಹೋದರು. ಹೆಂಗಸರೂ ಹೋದರು. ಪಟ್ಟಿಯ ತುದಿ ಕರಿಕಾಗಿ ಒಂದು ಹನಿಯಂತೆ ಕರಗಿ ನಿಂತಿತ್ತು. ಅಲ್ಲಿಂದ ನಲ್ಲಿಯವರೆಗೆ ಗಾರೆ ಹಾರಿ, ಇಟ್ಟಿಗೆ ಸೀಳಿ, ಒಂದು ಕೈ ಹಿಡಿಸುವಷ್ಟು ಅಗಲದ ಬಿರುಕು ಬಿಟ್ಟಿತ್ತು. ನಲ್ಲಿಯ ತಲೆ ಇರಲಿಲ್ಲ. ಸ್ನೇಹಲತಾ ಕೂತಿದ್ದ ಜಾಗದ ಮೇಲೆ ಮೊಣಕಾಲುದ್ದ ಇಟ್ಟಿಗೆಚೂರು ಬಿದ್ದಿತ್ತು. ಅವಳು ಬಿಟ್ಟು ಬಂದಿದ್ದ ಕಾಫಿಯ ಕ್ಯಾನು ಒಂದು ಪಕ್ಕದಲ್ಲಿ ನೀಲಿಗಟ್ಟಿ ಸುಕ್ಕಾಗಿತ್ತು.

ಸ್ನೇಹಲತಾ ಅದನ್ನೆಲ್ಲ ನಿಧಾನವಾಗಿ ನೋಡಿದಳು. ಆಮೇಲೆ ಕಾಮಾಕ್ಷಮ್ಮನ ಹೆಗಲಿಗಂಟಿ ಬಿಕ್ಕುತ್ತಿದ್ದ ಕೂಸನ್ನು ತೆಗೆದುಕೊಂಡಳು.

“ಹೋದ ವರ್ಷ ನೀವು ಏನೂ ಹೇಳ್ದೆ ಇದ್ದಿದ್ರೆ, ನಾನ್ಯಾಕೆ ದೊಡ್ಡವ್ವ ಇಲ್ಲಿ ಕೂತ್ಕತಿದ್ದೆ?”

ಜೋರಾಗಿ ಕೇಳಲಿಲ್ಲ. ಉತ್ತರಕ್ಕೂ ಕಾಯಲಿಲ್ಲ. ಸೆರಗಿನಲ್ಲಿ ಕೂಸನ್ನು ಮುಚ್ಚಿಕೊಂಡು ಮಳೆಯಲ್ಲೇ ಇಳಿದು ಹೋದಳು. ಉಳಿದವರೂ ಒಬ್ಬೊಬ್ಬರೇ ಹೋದರು. ಭವ್ಯಶ್ರೀ ಮಾತ್ರ ದಿಣ್ಣೆಯ ಅಂಚಿನಲ್ಲಿ ಒಂದು ಸಲ ತಿರುಗಿ ನೋಡಿದಳು.

ಮೇಷ್ಟ್ರು ಬೆಳಿಗ್ಗೆ ಬರೆದಿಟ್ಟಿದ್ದ ಕಂಪ್ಲೇಂಟಿನ ಹಾಳೆ ಮೇಜಿನ ಮೇಲಿತ್ತು. ಕಾಮಾಕ್ಷಮ್ಮ ಅದರ ಮುಂದೆ ನಿಂತು, “ಕಳ್ರು ಅಂತ ಬರ್ದಿರೋ ಕಡೆ ನನ್ ಹೆಸ್ರು ಬರ್ಕಳಿ ಸಾ” ಎಂದಳು.

ಲಕ್ಷ್ಮೀನರಸಿಂಹ ಕನ್ನಡಕ ತೆಗೆದರು, ಒರೆಸಲಿಲ್ಲ. “ನಿಮ್ಮ ಹೆಸರು ಬರೆದರೆ ನಿಮ್ಮ ಕೆಲಸ ಹೋಗತ್ತೆ ಕಾಮಾಕ್ಷಮ್ಮ. ಆಮೇಲೆ ಮಿಕ್ಕವರ ಹೆಸರೂ ಬರೀಬೇಕು. ಅರ್ಧ ಊರಿನದ್ದು.” ಹಾಳೆಯನ್ನು ಕೈಗೆತ್ತಿಕೊಂಡು, “ಮಕ್ಕಳ ಕೊರಳಲ್ಲಿ ನಾನೂ ದಿನಾ ನೋಡ್ತಿದ್ದೆ. ಯಾವುದೋ ದೇವರದ್ದು ಅಂದ್ಕೊಂಡೆ. ಕೇಳಲಿಲ್ಲ” ಎಂದರು. ಹಾಳೆಯನ್ನು ಮಡಿಸಿ ಹಾಜರಿ ಪುಸ್ತಕದ ಕೆಳಗಿಟ್ಟರು. ಹರಿಯಲೂ ಇಲ್ಲ, ಕಳಿಸುತ್ತೇನೆಂದು ಹೇಳಲೂ ಇಲ್ಲ.

ಶನಿವಾರ ಅರ್ಧ ದಿನದ ಶಾಲೆ. ಶಿವಕುಮಾರ್ ಏಳಕ್ಕೇ ಬಂದು ಹೊಸ ಪಟ್ಟಿ ಕೂಡಿಸಿದ. ಆಳೆತ್ತರಕ್ಕೆ ಪ್ಲಾಸ್ಟಿಕ್ ಪೈಪಿನ ಒಳಗೆ ಅದನ್ನು ಇಳಿಸಿ, ಸುತ್ತ ಸಿಮೆಂಟು ಮೆತ್ತಿದ. ನಲ್ಲಿಗಳನ್ನು ಆಚೆ ಕಡೆ ಮಾಡಿಸಿ ಎಂದು ಮೇಷ್ಟ್ರಿಗೆ ಹೇಳಿದ. ಕಾಮಾಕ್ಷಮ್ಮ ಗುಂಡಿಗೆ ಉಪ್ಪು, ಇದ್ದಿಲು ತಂದು ಸುರಿದು, ಅವನು ಸಾಕು ಅನ್ನುವವರೆಗೆ ನೀರು ಹೊಯ್ದಳು. ಅಂದು ಒಂಬತ್ತು ಮಕ್ಕಳು ಮನೆಯಿಂದ ಡಬ್ಬಿ ತಂದಿದ್ದರು. ಕೇಳಿದ್ದಕ್ಕೆ ಅವ್ವ ಹೇಳಿದಳು ಎಂದರು. ಕೊರಳಿನ ದಾರ ಯಾರೂ ಬಿಚ್ಚಿರಲಿಲ್ಲ. ಅನುಶ್ರೀಯದನ್ನು ಮಾತ್ರ ರಾತ್ರಿ ಕಾಮಾಕ್ಷಮ್ಮನೇ ಬಿಚ್ಚಿದ್ದಳು. ಬಿಚ್ಚುವ ಮುಂಚೆ ಸೊಸೆಗೆ ಕಾಣದಂತೆ ಹುಡುಗಿಯ ಹಣೆ ಎರಡು ಸಲ ಮುಟ್ಟಿ ನೋಡಿದ್ದಳು.

ಮಧ್ಯಾಹ್ನ ಪಾತ್ರೆ ಬೋರಲು ಹಾಕಿ ಬಾಗಿಲು ಎಳೆಯುವಾಗ ದಿಣ್ಣೆಯ ಕೆಳಗೆ ಒಂದು ಆಟೋ ನಿಂತಿತು. ಇಬ್ಬರು ಹೆಂಗಸರು ಇಳಿದರು. ಒಬ್ಬಳ ಹೆಗಲ ಮೇಲೆ ನಾಲ್ಕೈದು ವರ್ಷದ ಹುಡುಗಿ ಮಲಗಿತ್ತು. ಈ ಊರಿನವರಲ್ಲ.

“ಬಸವಾಪಟ್ಟಣದಿಂದ ಬಂದ್ವಿ ಕಣಕ್ಕ” ಎಂದಳು ಹಿರಿಯವಳು, ಏದುಸಿರು ಬಿಡುತ್ತ. “ಎರಡು ಸಲ ಸಿಡ್ಲು ಬಡಿದ್ರೂ ಒಂದು ಮಗೀಗೂ ಏನೂ ಆಗ್ನಿಲ್ವಂತಲ್ಲ, ಆ ಶಾಲೆ ಇದೇಯಾ? ಈ ಮಗ ರಾತ್ರಿ ಎಲ್ಲ ಬೆಚ್ಚುತ್ತೆ. ಒಂದ್ ಬೆರಳಷ್ಟು ಸಿಕ್ಕುದ್ರೆ ಸಾಕು.”

ಕಾಮಾಕ್ಷಮ್ಮ ಕೈ ಒರೆಸಿಕೊಂಡು ಅವರ ಹತ್ತಿರ ಹೋದಳು. ಹುಡುಗಿಯ ಹಣೆ ಮುಟ್ಟಿ ನೋಡಿದಳು. ಬಿಸಿಯಿತ್ತು. ಹಿಂದಿನ ಜಗುಲಿಯ ಮೇಲೆ ಕೂರಿಸಿ, ನೀರು ಕೊಟ್ಟು, ಮೊದಲಿನಿಂದ ಹೇಳಿದಳು. ಮಾತ್ರೆ ಹೇಳಿದಳು, ತಾನು ಕುಯ್ದದ್ದು ಹೇಳಿದಳು, ಬಿರುಕು ಬಿಟ್ಟ ಗೋಡೆಯನ್ನು ತೋರಿಸಿದಳು. “ಮಗೀನ ಇಂಗೇ ಅರಕಲಗೂಡು ಆಸ್ಪತ್ರೆಗೆ ಕರ್ಕಂಡೋಗಿ. ಆಟೋ ಐತಲ್ಲ.”

ಅವರು ಅಡ್ಡ ಮಾತಾಡದೆ ಪೂರ್ತಿ ಕೇಳಿದರು. ಹಿರಿಯವಳು ನಡುನಡುವೆ ತಲೆಯಾಡಿಸಿದಳು. ಮುಖದ ಮೇಲೆ ಒಂದು ಸಣ್ಣ ನಗೆಯಿತ್ತು. ಇದ್ದದ್ದನ್ನು ಕೊಡಲು ಮನಸ್ಸಿಲ್ಲದವರ ಮುಂದೆ ಜನ ಇಟ್ಟುಕೊಳ್ಳುವಂಥ ನಗೆ.

“ಆಗ್ಲಿ ಕಣಕ್ಕ. ನಿಮ್ಮೂರಿನವ್ರಿಗೇ ಸಾಲ್ದೇನೋ ಪಾಪ” ಎಂದು ಅವಳು ಎದ್ದಳು.

ಕಿರಿಯವಳು ಎದ್ದಿರಲಿಲ್ಲ. ಅವಳು ಪ್ಲಾಸ್ಟಿಕ್ ಪೈಪು ಮುಗಿಯುವ ಕಡೆ, ಆಳೆತ್ತರದ ಮೇಲೆ, ಹೊಸ ತಾಮ್ರ ಬಿಸಿಲಿಗೆ ತೆರೆದುಕೊಂಡಿದ್ದ ಜಾಗವನ್ನು ನೋಡುತ್ತಿದ್ದಳು. ಎಷ್ಟೆತ್ತರವಿದೆ ಎಂದು ಕಣ್ಣಲ್ಲೇ ಅಳೆಯುತ್ತಿದ್ದಳು. ಕಾಮಾಕ್ಷಮ್ಮ ಎದ್ದು, ಆ ಗೋಡೆಗೂ ಅವಳಿಗೂ ನಡುವೆ ಬಂದು ಕೂತು, ಮಾತ್ರೆಯ ಸಂಗತಿಯನ್ನು ಇನ್ನೊಂದು ಸಲ ಹೇಳತೊಡಗಿದಳು.